ಓದುವ ಬಾಯಿ

ಶನಿವಾರ ಬಂತೆಂದರೆ ಪಂಕಜಾಳ ಅಡುಗೆಮನೆಯಲ್ಲಿ ರಾತ್ರಿಯ ಸಾರು ಮಧ್ಯಾಹ್ನವೇ ಕುದಿದು ಮುಗಿಯುತ್ತಿತ್ತು. ಸೊಪ್ಪು ಬಸಿದು, ಖಾರ ರುಬ್ಬಿ, ಒಗ್ಗರಣೆ ಹಾಕಿ, ಮುದ್ದೆಗೆ ಹಿಟ್ಟು ಅಳೆದು ಮುಚ್ಚಿಟ್ಟು, ಗಂಡ ಚಿಕ್ಕಣ್ಣನಿಗೆ ಹೇಳುವುದನ್ನೆಲ್ಲ ಎರಡೆರಡು ಸಲ ಹೇಳಿ, ಕೊಚ್ಚಿಯ ತ್ರಿಪ್ಪುಣಿತ್ತುರದ ಮನೆಯಿಂದ ಮೆಟ್ರೋ ನಿಲ್ದಾಣಕ್ಕೆ ನಡೆದು ಬರುವ ಹೊತ್ತಿಗೆ ಅವಳ ಬೆನ್ನೆಲ್ಲ ಬೆವರು. ರೈಲಿನೊಳಗಿನ ತಣ್ಣನೆಯ ಗಾಳಿ ತಗುಲಿದ ಮೇಲೆ ಕೈಚೀಲದಲ್ಲಿ ಮಡಚಿಟ್ಟ ಹಾಳೆಗಳನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಇವತ್ತು ಇದನ್ನು ಓದಿಸಬೇಕೋ, ಹಾಗೇ ವಾಪಸ್ ತರಬೇಕೋ ಎಂಬ ದಿಗಿಲು ಅಲ್ಲಿಂದ ಶುರು.

"ಮುದ್ದೆ ತಿರುವೋದು ನಂಗೆ ಬರಲ್ಲ ಅಂತ ಎಷ್ಟು ಸಲ ಹೇಳೋದೆ," ಎಂದು ಚಿಕ್ಕಣ್ಣ ಗೇಟಿನವರೆಗೂ ಗೊಣಗಿಕೊಂಡು ಬರುತ್ತಿದ್ದ.

"ಮೂವತ್ತು ವರ್ಷ ಹಡಗು ರಿಪೇರಿ ಮಾಡಿದೀರಿ. ಮುದ್ದೆ ಅದಕ್ಕಿಂತ ಕಷ್ಟನಾ?"

"ಹಡಗು ಗಂಟು ಕಟ್ಟಲ್ಲ ಕಣೆ."

ಕಲೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಇಬ್ರಾಹಿಮರ ಅಂಗಡಿ. ಗುಂಡಿ, ದಾರ, ಲೇಸು ಮಾರುತ್ತಿದ್ದರು. ಮಹಡಿಯ ಮೇಲಿನ ಕೋಣೆಯಲ್ಲಿ ಶನಿವಾರ ಸಂಜೆ ಕನ್ನಡದಲ್ಲಿ ಬರೆಯುವವರು ಸೇರುತ್ತಿದ್ದರು. ಇಬ್ರಾಹಿಂ ಕಾಸರಗೋಡಿನ ಕಡೆಯವರು, ಕನ್ನಡ ಶಾಲೆಯಲ್ಲಿ ಓದಿದವರು. ಉಳಿದವರಲ್ಲಿ ಕಾಲೇಜಿನ ಹುಡುಗರು, ಐಟಿ ಕೆಲಸದವರು, ಮಂಗಳೂರಿನಿಂದ ಬಂದ ಜಾಯ್ಸ್ ಎಂಬ ನರ್ಸು. ಇಲ್ಲೇ ಬೆಳೆದ ಕೆಲವರಿಗೆ ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಓದಲು ಬಾರದು. ಅದಕ್ಕಾಗಿಯೇ ಮೊದಲಿನಿಂದ ಒಂದು ಪದ್ಧತಿ ಬಿದ್ದುಹೋಗಿತ್ತು. ಬರೆದವರು ತಮ್ಮದನ್ನು ತಾವು ಓದುವ ಹಾಗಿಲ್ಲ. ಹಾಳೆಗಳನ್ನೆಲ್ಲ ಗುಂಡಿಯ ಖಾಲಿ ಡಬ್ಬಕ್ಕೆ ಹಾಕಬೇಕು. ಓದಲು ಬರುವವರು ತಮ್ಮದಲ್ಲದ ಹಾಳೆಯೊಂದನ್ನು ತೆಗೆದು ಗಟ್ಟಿಯಾಗಿ ಓದಬೇಕು. ಬರೆದವರು ಎಲ್ಲರ ಹಾಗೆ ಕೂತು ಕೇಳಬೇಕು. ಅದು ಹಾಗಲ್ಲ, ನಾನು ಹೇಳಲು ಹೊರಟದ್ದು ಬೇರೆ ಎಂದು ಯಾರಾದರೂ ನಡುವೆ ಬಂದರೆ ಇಬ್ರಾಹಿಂ ಕೈ ಎತ್ತುತ್ತಿದ್ದರು.

"ಬರೆದವರು ಬಾಯಿ ತೆರೀಲಿಕ್ಕಿಲ್ಲ, ಮಾರಾಯ್ರೇ. ನಿಮ್ಮದೆಲ್ಲ ಕಾಗದದಲ್ಲಿ ಹೇಳಿ ಆಗಿದೆ ಅಲ್ವಾ?"

ಪಂಕಜಾ ಅಲ್ಲಿಗೆ ಮೊದಲು ಹೋದದ್ದು ಕೇಳಲೆಂದು. ಬರೆಯುವವರೆಂದರೆ ಎಂ.ಎ. ಮಾಡಿದವರು ಎಂದು ಅವಳ ಲೆಕ್ಕ. ತಾನಾದರೋ ಮೈಸೂರಿನಲ್ಲಿ ಹಗಲೆಲ್ಲ ಊದುಬತ್ತಿ ಹೊಸೆದು ಸಂಜೆ ಕಾಲೇಜಿಗೆ ಹೋದವಳು. ಅದೂ ಮದುವೆಯಾಗಿ ಅರ್ಧಕ್ಕೇ ನಿಂತಿತ್ತು. ಕೊನೆಗೊಂದು ದಿನ, ಯಾರದೆಂದು ಹೇಳದೆ ಒಂದೇ ಒಂದು ಹಾಳೆಯನ್ನು ಡಬ್ಬಕ್ಕೆ ಹಾಕಿದಳು. ಸಂಜೆ ಕಾಲೇಜಿನಲ್ಲಿ ಬೆರಳ ತುದಿಯ ಗಂಧದ ವಾಸನೆ ಯಾರಿಗೂ ಗೊತ್ತಾಗದಿರಲೆಂದು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೂರುತ್ತಿದ್ದ ಹುಡುಗಿಯ ವಿಷಯ. ಹಾಳೆ ಜಾಯ್ಸ್ ಕೈಗೆ ಬಂತು. ಓದುತ್ತ ಓದುತ್ತ ಜಾಯ್ಸ್ ತನಗೇ ತಿಳಿಯದೆ ತನ್ನ ಬೆರಳುಗಳನ್ನು ಮೂಗಿನ ಹತ್ತಿರ ತಂದು ಮೂಸಿದಳು. ಪಂಕಜಾ ಅದನ್ನು ನೋಡಿದಳು. ಎಂದೋ ಮೈಸೂರಿನಲ್ಲಿ ತನ್ನ ಕೈಗಂಟಿದ ವಾಸನೆ, ಕಲೂರಿನ ಮಹಡಿಯಲ್ಲಿ ಒಬ್ಬ ನರ್ಸಿನ ಬೆರಳಿಗೆ ಹೋಗಿ ಕೂತಿತ್ತು. ಮನೆಗೆ ವಾಪಸಾಗುವಾಗ ಅವಳು ಇಳಿಯಬೇಕಾದ ನಿಲ್ದಾಣ ಕೊನೆಯದಾಗಿದ್ದರಿಂದ ಬಚಾವು. ಇಲ್ಲದಿದ್ದರೆ ಇಳಿಯುವುದನ್ನೇ ಮರೆಯುತ್ತಿದ್ದಳು.

ಅಲ್ಲಿಂದಾಚೆಗೆ ಒಂದು ಶನಿವಾರವೂ ತಪ್ಪಿಸಲಿಲ್ಲ. ಮೊಮ್ಮಗಳು ಇಂಚರಾ ಕೆಲವೊಮ್ಮೆ ಜೊತೆಗೆ ಬರುತ್ತಿದ್ದಳು. ಇಬ್ರಾಹಿಂ ತರಿಸುವ ಬಿಸಿ ಬಿಸಿ ಪಳಂಪೊರಿ, ಹಿಟ್ಟಿನಲ್ಲಿ ಅದ್ದಿ ಕರಿದ ಬಾಳೆಹಣ್ಣು, ಅವಳಿಗೆ ಇಷ್ಟ. ಲೇಸಿನ ಕಟ್ಟುಗಳ ಮೇಲೆ ಕೂತು ತಿನ್ನುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತಿತ್ತು. ಉತ್ತರ ಮಾತ್ರ ಮಲಯಾಳಂನಲ್ಲಿ. ಹುಟ್ಟಿದಾಗಿನಿಂದ ಅವಳ ಬಾಯಿಂದ ಒಂದು ಪೂರ್ತಿ ಕನ್ನಡ ವಾಕ್ಯ ಬಂದದ್ದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಆ ಬೇಸಿಗೆಯಲ್ಲಿ ಪಂಕಜಾ ಪುಟ್ಟತಾಯಿ ಎಂಬವಳ ಕಥೆ ಬರೆಯುತ್ತಿದ್ದಳು. ಹೊಸದಾಗಿ ಮದುವೆಯಾಗಿ ಕೊಚ್ಚಿಗೆ ಬಂದ ಪುಟ್ಟತಾಯಿಗೆ ಭಾಷೆ ಬಾರದು. ದೋಣಿ ಹತ್ತುತ್ತಾಳೆ, ಇಳಿಯುವ ಜೆಟ್ಟಿಯ ಹೆಸರು ಕೇಳಲು ಬಾಯಿ ಏಳದೆ ಅದೇ ದೋಣಿಯಲ್ಲಿ ವಾಪಸ್ ಬರುತ್ತಾಳೆ. ಮಾರನೆಯ ದಿನವೂ ಅದೇ. ಯಾವಾಗ ನೋಡಿದರೂ ಮೂಲೆಯಲ್ಲಿ ಕೂತು ಎಲ್ಲರನ್ನೂ ದಿಟ್ಟಿಸುವ ಈ ಹೆಂಗಸು ಇಲಾಖೆ ಕಳಿಸಿದ ಇನ್‌ಸ್ಪೆಕ್ಟರೇ ಇರಬೇಕೆಂದು ದೋಣಿಯವರು ಹೆದರುತ್ತಾರೆ.

ಏಪ್ರಿಲ್‌ನ ಒಂದು ಶನಿವಾರ ಅವಳು ಮನೆಗೆ ಬಂದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ಮುದ್ದೆ ಗಂಟು ಕಟ್ಟಿತ್ತು. ಮಗ ಉಲ್ಲಾಸ್ ಗಂಟುಗಳನ್ನು ತಟ್ಟೆಯ ಅಂಚಿಗೆ ಜೋಡಿಸುತ್ತಿದ್ದ.

"ಅತ್ತೆ, ಕೂತ್ಕೊಳ್ಳಿ, ಒಂದು ವಿಷ್ಯ," ಎಂದಳು ಸೊಸೆ ಅನ್ವಿತಾ. "ನಮ್ಮ ಟೀಮ್ ಪೂರ್ತಿ ಕಳಕ್ಕೂಟಂ ಐಟಿ ಪಾರ್ಕಿಗೆ ಹೋಗ್ತಿದೆ. ನನ್ನನ್ನ ಮ್ಯಾನೇಜರ್ ಮಾಡಿದಾರೆ. ಜೂನಿಗೆ ಇಂಚೂನ ಸ್ಕೂಲಿಗೆ ಅಲ್ಲೇ ಸೇರಿಸಿಬಿಡೋಣ. ಉಲ್ಲಾಸ್ ಮನೆಯಿಂದ ಕೆಲಸ ಮಾಡಬಹುದು. ಎಲ್ಲರೂ ತಿರುವನಂತಪುರಕ್ಕೆ ಹೋಗೋದು ಅಂತ."

"ಶನಿವಾರ?" ಎಂದಳು ಪಂಕಜಾ. ಅದು ಕೇಳಬಾರದ ಪ್ರಶ್ನೆ ಎಂದು ಬಾಯಿಂದ ಬಿದ್ದ ಮೇಲೆ ತಿಳಿಯಿತು.

ಅನ್ವಿತಾ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟಳು. "ನಾನು ಮ್ಯಾನೇಜರ್ ಆದೆ ಅಂದೆ, ಅತ್ತೆ."

"ಕೇಳಿಸ್ತು ಕಣಮ್ಮ. ಬಹಳ ಸಂತೋಷ."

"ಸಂತೋಷ ಆಮೇಲೆ ಬಂತು. ಮೊದಲು ಶನಿವಾರ ಅಂದ್ರಿ."

"ಬಿಡು ಅನೂ," ಎಂದ ಉಲ್ಲಾಸ್.

"ಏನು ಬಿಡೋದು? ಇಷ್ಟು ವರ್ಷ ಶನಿವಾರ ಒಬ್ಬಳೇ ಪಾತ್ರೆ ತೊಳೆದಿದೀನಿ. ಒಂದು ದಿನ ಯಾಕೆ ಅಂತ ಕೇಳಿದೀನಾ? ಅಲ್ಲಿ ಏನು ಮಾಡ್ತೀರಿ ಅಂತಾನೂ ಯಾರೂ ನನಗೆ ಹೇಳಿಲ್ಲ."

"ಬರೆಯೋದು ಎಲ್ಲಿದ್ರೂ ಬರೀಬಹುದಲ್ಲಮ್ಮ," ಉಲ್ಲಾಸ್ ತಾಯಿಯ ಕಡೆ ತಿರುಗಿದ. "ಪೆನ್ನು ಪೇಪರ್ ಅಲ್ಲೂ ಸಿಗತ್ತೆ."

"ಬರೆಯೋಕಲ್ಲ ಕಣೋ. ಕೇಳೋಕೆ."

"ಏನು ಕೇಳೋಕೆ?"

"ನಾನು ಬರೆದಿದ್ದನ್ನ."

ಚಿಕ್ಕಣ್ಣ ಜೋರಾಗಿ ನಕ್ಕುಬಿಟ್ಟ. "ನೀನು ಬರೆದಿದ್ದನ್ನ ನೀನೇ ಕೇಳೋಕೆ ಮೆಟ್ರೋ ಹತ್ಕೊಂಡು ಹೋಗ್ತಿದ್ಯಾ? ನಾನು ಇಷ್ಟು ದಿನ ಬೇರೆಯವರದು ಅಂದ್ಕೊಂಡಿದ್ದೆ."

ಅವಳಿಗೆ ವಿವರಿಸಲು ಬರಲಿಲ್ಲ. ಒಬ್ಬಳೇ ಇದ್ದಾಗ ಬರೆದದ್ದು ಬರೀ ಹಾಳೆ, ಇನ್ನೊಬ್ಬರ ಬಾಯಿಗೆ ಹೋಗಿ ಬಂದಾಗಲೇ ಅದು ಸತ್ಯವೋ ಸುಳ್ಳೋ ತನಗೆ ಗೊತ್ತಾಗುವುದು ಎಂದು ಹೇಳಬೇಕಿತ್ತು. ಆದರೆ ಮಗನ ತಟ್ಟೆಯ ಅಂಚಿನಲ್ಲಿ ಗಂಟುಗಳ ಸಾಲು ಕಾಣುತ್ತಿರುವಾಗ ಅಂಥ ಮಾತು ಹೇಗೆ ಆಡುವುದು? ಅಂದು ಪಾತ್ರೆಗಳನ್ನು ತಾನೇ ತೊಳೆದಳು. ಅನ್ವಿತಾ ಬಂದು ಪಕ್ಕದಲ್ಲಿ ನಿಂತು ಒರೆಸಿದಳು.

ಕೊನೆಯ ಶನಿವಾರ ಪುಟ್ಟತಾಯಿಯ ಹಾಳೆಗಳು ಅಜಿತ್ ಎಂಬ ಹುಡುಗನ ಕೈಗೆ ಬಂದವು. ದೋಣಿಯವರು ಇನ್‌ಸ್ಪೆಕ್ಟರಿಗೆ ಹೆದರಿ ದೋಣಿಗೆ ಬಣ್ಣ ಬಳಿದದ್ದನ್ನು ಓದುವಾಗ ಅವನಿಗೇ ನಗು ತಡೆಯಲಾಗಲಿಲ್ಲ. ಆಮೇಲೆ ದೋಣಿ ನಡುನೀರಿನಲ್ಲಿ ಕೆಟ್ಟು ನಿಂತಿತು. ಜನ ಕಂಗಾಲಾದರು. ದೋಣಿಯವರು, ಪ್ರಯಾಣಿಕರು, ಎಲ್ಲರೂ ಅಪ್ಪಣೆಗೆ ಕಾಯುವವರ ಹಾಗೆ ಪುಟ್ಟತಾಯಿಯ ಕಡೆ ನೋಡಿದರು. ಹಾಳೆ ಅಲ್ಲಿಗೆ ಮುಗಿದಿತ್ತು.

"ಮುಂದೆ ಎಂತ ಆಗ್ತದೆ?" ಎಂದು ಇಬ್ರಾಹಿಂ, ತಮ್ಮ ನಿಯಮವನ್ನೇ ಮರೆತು ಕೇಳಿದರು.

"ಗೊತ್ತಿಲ್ಲ. ಅಲ್ಲಿಗೇ ನಿಂತಿದೆ."

ಹೊರಡುವಾಗ ಅವರು ಗುಂಡಿಯ ಡಬ್ಬವನ್ನು ಅವಳ ಕೈಗಿಟ್ಟರು. "ಇದು ನಿಮಗೆ. ನಮಗೆ ಬೇರೆ ಡಬ್ಬ ಉಂಟು. ಅಲ್ಲಿ ಒಂದು ಓದುವ ಬಾಯಿ ಹುಡುಕಿ, ಪಂಕಜಕ್ಕ. ಒಂದು ಸಾಕು."

"ಫೋನಿನಲ್ಲಿ ನೀವೇ ಓದಿದ್ರೆ?"

"ಓದಬಹುದು. ಕೇಳುವವರ ಮುಖ ನೀವು ಎಲ್ಲಿ ನೋಡ್ತೀರಿ?"

ಕಳಕ್ಕೂಟಂನ ಫ್ಲ್ಯಾಟು ಎತ್ತರದ ಮಹಡಿಯಲ್ಲಿತ್ತು. ಬೆಳಿಗ್ಗೆ ಲಿಫ್ಟಿನ ಮುಂದೆ ಕೊರಳಿಗೆ ಗುರುತುಪಟ್ಟಿ ಹಾಕಿದವರ ಸಾಲು, ಕೆಳಗೆ ಕ್ಯಾಬುಗಳ ಸಾಲು. ಅನ್ವಿತಾಳ ಕ್ಯಾಬು, ಇಂಚರಾಳ ಶಾಲೆಯ ವ್ಯಾನು, ಉಲ್ಲಾಸನ ಮೀಟಿಂಗು, ಎಲ್ಲಕ್ಕೂ ಹೊಂದಿಸಿ ಪಂಕಜಾ ದೋಸೆ ಹುಯ್ಯುತ್ತಿದ್ದಳು. ಮಧ್ಯಾಹ್ನ ಕೈ ಬಿಡುವಾದಾಗ ಹಾಳೆ ತೆಗೆದು ಕೂರುವಳು. ನಿಂತ ದೋಣಿ ನಿಂತಲ್ಲೇ ಇತ್ತು.

ಯಾರಾದರೂ ಓದಿದರೆ ಮುಂದಕ್ಕೆ ಹೊರಟೀತು ಎಂದು ಮೊದಲು ಗಂಡನನ್ನು ಕೇಳಿದಳು. ಚಿಕ್ಕಣ್ಣ ಕನ್ನಡಕ ಹಾಕಿಕೊಂಡು ಎದ್ದು ನಿಂತು, ರೇಡಿಯೋದ ವಾರ್ತೆಯ ಹಾಗೆ ಶುರುಮಾಡಿದ. ಒಂದು ಪ್ಯಾರಾ ಮುಗಿಯುತ್ತಲೇ ನಿಲ್ಲಿಸಿದ.

"ಗಂಡ ಅನ್ನೋನು ಅವಳನ್ನ ಜೆಟ್ಟೀಲಿ ಬಿಟ್ಟು ಹೋದ ಅಂತ ಬರೆದಿದೀಯಲ್ಲ, ಅದು ನಾನೇ ತಾನೇ?"

"ಕಥೆ ಕಣ್ರಿ."

"ನಾನು ಬಿಟ್ಟು ಹೋಗ್ಲಿಲ್ಲ. ಟಿಕೆಟ್ ತರೋಕೆ ಹೋಗಿದ್ದೆ. ತಿರುಗಿ ಬರೋ ಅಷ್ಟರಲ್ಲಿ ನೀನು ದೋಣಿ ಹತ್ಕೊಂಡು ಹೊರಟೇ ಹೋಗಿದ್ದೆ. ಆವತ್ತು ಮನೇಲಿ ಅನ್ನಾನೂ ಇರ್ಲಿಲ್ಲ."

"ಸರಿ, ಮುಂದೆ ಓದಿ."

"ತಿದ್ದೋವರೆಗೂ ಓದಲ್ಲ."

ಉಲ್ಲಾಸನಿಗೆ ಕನ್ನಡದ ಬೋರ್ಡು ಓದುವುದೇ ಕಷ್ಟ. ಕೊಚ್ಚಿಯಲ್ಲಿ ಅವನು ಕಲಿತದ್ದು ಹಿಂದಿ, ಇಂಗ್ಲಿಷಿನ ಶಾಲೆಯಲ್ಲಿ. ಮಲಯಾಳಂ ಮಾತು ನೀರಿನ ಹಾಗೆ ಬರುತ್ತಿತ್ತು, ಅದರ ಅಕ್ಷರವೂ ಬಾರದು. ಉಳಿದವಳು ಅನ್ವಿತಾ. ಬೆಂಗಳೂರಿನಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಓದಿದವಳು. ಒಂದು ಭಾನುವಾರ ತಾನಾಗಿಯೇ, "ಕೊಡಿ ಅತ್ತೆ, ನಾನು ಓದ್ತೀನಿ," ಎಂದು ಕೂತಳು. ಅವಳು ಓದಿದ್ದು ಆಫೀಸಿನ ಮೇಲ್ ಓದಿದ ಹಾಗಿತ್ತು. ನಡುವೆ ಫೋನು ಬಂತು. "ಒಂದ್ನಿಮಿಷ" ಎಂದು ಎದ್ದು ಹೋದವಳು ಆ ಕೆಲಸದಲ್ಲಿ ಮುಳುಗಿಹೋದಳು. ಪಂಕಜಾ ಹಾಳೆ ಎತ್ತಿಕೊಂಡಾಗ ಅದರ ಮೇಲೆ ಕಾಫಿ ಲೋಟದ ಉಂಗುರ ಮೂಡಿತ್ತು. ಹಾಳೆಗಳನ್ನು ಡಬ್ಬಕ್ಕೆ ಹಾಕಿ, ಡಬ್ಬವನ್ನು ರಾಗಿಹಿಟ್ಟಿನ ಡಬ್ಬದ ಪಕ್ಕಕ್ಕೆ ಸೇರಿಸಿದಳು. ಮತ್ತೆ ಬರೆಯಲು ಕೂರಲಿಲ್ಲ. ಸಂಜೆ ಕಾಲೇಜಿನವಳಿಗೆ ಇಷ್ಟು ದಿನ ನಡೆದದ್ದೇ ಹೆಚ್ಚು ಎಂದು ಸಮಾಧಾನ ಹೇಳಿಕೊಂಡಳು. ಸಮಾಧಾನವಾಗಲಿಲ್ಲ.

ಅದು ಅಡುಗೆಯಲ್ಲಿ ಕಾಣತೊಡಗಿತು. ಸಾರಿಗೆ ಉಪ್ಪು ಸರಿಯಾಗಿಯೇ ಇರುತ್ತಿತ್ತು, ಆದರೆ ವಾರವಿಡೀ ಅದೇ ಸಾರು.

"ನನ್ನಿಂದ ನಿಂತುಹೋಯ್ತು ಅಂತ ನೀವು ಬಾಯಲ್ಲಿ ಹೇಳಲ್ಲ ಅತ್ತೆ, ಮುಖದಲ್ಲಿ ಹೇಳ್ತೀರಿ," ಎಂದಳು ಅನ್ವಿತಾ ಒಂದು ಬೆಳಿಗ್ಗೆ, ಡಬ್ಬಿಗೆ ಚಿತ್ರಾನ್ನ ತುಂಬಿಕೊಳ್ಳುತ್ತ.

"ನಾನೇನೂ ಹೇಳಿಲ್ಲಮ್ಮ."

"ಅದೇ ನಾನೂ ಹೇಳ್ತಿರೋದು. ಏನಾದ್ರೂ ಹೇಳಿ. ಬೈದ್ರೂ ಪರ್ವಾಗಿಲ್ಲ."

ಪಂಕಜಾ ಬೈಯಲಿಲ್ಲ. ಅನ್ವಿತಾಳಿಗೆ ಇನ್ನಷ್ಟು ಸಿಟ್ಟು ಬಂತು. ಡಬ್ಬಿಯನ್ನು ಮೇಜಿನ ಮೇಲೆಯೇ ಬಿಟ್ಟು ಹೋದಳು. ಚಿಕ್ಕಣ್ಣ ಅದನ್ನು ಹಿಡಿದುಕೊಂಡು ಲಿಫ್ಟಿನವರೆಗೆ ಓಡಿದ.

ಜುಲೈ ತಿಂಗಳ ಒಂದು ರಜೆಯ ದಿನ ಇಂಚರಾ ಪೆನ್ಸಿಲು, ರೂಲು ಹಾಕಿದ ಹಾಳೆಗಳನ್ನು ಹಿಡಿದು ಅಜ್ಜಿಯ ಮುಂದೆ ಕೂತಳು. ಅಮ್ಮೂಮ್ಮ, ಅಂದರೆ ಅಜ್ಜಿ, ಹೇಳಿದ ಕಥೆಯನ್ನು ಅಮ್ಮೂಮ್ಮನ ಮಾತಿನಲ್ಲೇ ಬರೆದು ತರಬೇಕೆಂದು ಮಲಯಾಳಂ ಟೀಚರ್ ಹೇಳಿದ್ದಾರಂತೆ. ಇಂಚರಾಳಿಗೆ ದೋಣಿಯ ಕಥೆಯೇ ಬೇಕು. ಪಂಕಜಾ ಡಬ್ಬ ತೆಗೆದಳು. ತನ್ನದನ್ನು ತಾನೇ ಓದುವುದು ಅವಳಿಗೆ ಕದ್ದು ತಿಂದ ಹಾಗೆ ಎನಿಸಿತು, ಆದರೆ ಮಗುವಿನ ಶಾಲೆಯ ಕೆಲಸ. ಇಂಚರಾ ನಡುನಡುವೆ "ಅಜ್ಜೀ, ಪದುಕ್ಕೆ" ಎಂದು ನಿಧಾನ ಮಾಡಿಸುತ್ತಿದ್ದಳು. ನಿಲ್ಲಿಸಿದಾಗಲೆಲ್ಲ "ಎನ್ನಿಟ್ಟ್?" ಎನ್ನುತ್ತಿದ್ದಳು. ಆಮೇಲೆ ಎಂದು ಅದರ ಅರ್ಥ. ಮಲಯಾಳಂ ಮಕ್ಕಳು ಕಥೆ ಕೇಳುವಾಗ ಉಸಿರಿಗೊಮ್ಮೆ ಹಾಗೆನ್ನುತ್ತಾರೆ. ಹಾಳೆಯ ಮೇಲೆ ದುಂಡನೆಯ ಮಲಯಾಳಂ ಅಕ್ಷರಗಳು ಸಾಲಾಗಿ ಇಳಿಯುತ್ತಿದ್ದವು. ಎಷ್ಟು ಬೇಗ ತನ್ನ ಕನ್ನಡವನ್ನು ಮಲಯಾಳಂ ಮಾಡುತ್ತಾಳಲ್ಲ ಎಂದು ಪಂಕಜಾಳಿಗೆ ಬೆರಗಾಯಿತು.

"ಎಲ್ಲರೂ ಪುಟ್ಟತಾಯಿಯ ಕಡೆ ನೋಡಿದರು."

"ಎನ್ನಿಟ್ಟ್?"

"ಗೊತ್ತಿಲ್ಲ ಮಗಾ. ಅಷ್ಟೇ."

ಇಂಚರಾ ಪೆನ್ಸಿಲು ಕೆಳಗಿಟ್ಟು ಅಜ್ಜಿಯನ್ನು ನಂಬದವಳ ಹಾಗೆ ನೋಡಿದಳು.

ಮುಂದಿನ ವಾರ ಶಾಲೆಯಿಂದ ಫೋನು ಬಂತು. ತಾಯಿಯೂ ಅಜ್ಜಿಯೂ ಬಂದು ನೋಡಬೇಕೆಂದು. ಅನ್ವಿತಾ ಅರ್ಧ ದಿನ ರಜೆ ಹಾಕಿದಳು. ಆಟೋದಲ್ಲಿ ಇಡೀ ದಾರಿ ಅವಳದೇ ಮಾತು. "ಹೊಸ ಸ್ಕೂಲು. ಸೇರಿ ಇನ್ನೂ ಸರಿಯಾಗಿ ಎರಡು ತಿಂಗಳಾಗಿಲ್ಲ. ನೀವು ಏನು ಬರೆಸಿದ್ರಿ ಅತ್ತೆ?"

"ದೋಣಿ ಕಥೆ ಹೇಳಿದೆ. ಅವಳೇ ಬರೆದ್ಲು."

"ಆ ಕಥೇಲಿ ಕೆಟ್ಟ ಮಾತು ಏನಾದ್ರೂ ಇದೆಯಾ?"

ನೀನೇ ಓದಿದ್ದೆಯಲ್ಲ ಎನ್ನಲು ಹೊರಟು ಪಂಕಜಾ ನಾಲಿಗೆ ಕಚ್ಚಿಕೊಂಡಳು.

ಮಲಯಾಳಂ ಕಲಿಸುವ ಲಿಸ್ಸಿ ಟೀಚರ್ ವಯಸ್ಸಾದವರು. ಮುಖ ಗಂಭೀರವಾಗಿತ್ತು. ಇಂಚರಾಳ ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಪಂಕಜಾಳಿಗೆ ತಿಳಿಯಲೆಂದು ನಿಧಾನವಾಗಿ ಮಲಯಾಳಂನಲ್ಲಿ ಹೇಳಿದರು. "ಅಕ್ಷರ ಎಲ್ಲ ಸರಿ ಇದೆ. ಕೈಬರಹ ಕ್ಲಾಸಿಗೇ ಚೆಂದ. ಆದರೆ ಒಂದು ವಾಕ್ಯವೂ ನನಗೆ ಅರ್ಥವಾಗುತ್ತಿಲ್ಲ. ಅಲ್ಲೊಂದು ಇಲ್ಲೊಂದು ನಮ್ಮ ಮಾತಿನ ಹಾಗೆ ಕಾಣುತ್ತದೆ, ಅಷ್ಟೆ. ಏನಿದು ಎಂದು ಕೇಳಿದರೆ, ಅಮ್ಮೂಮ್ಮನ ಮಾತಿನಲ್ಲೇ ಬರೆಯಿರಿ ಎಂದು ನೀವೇ ಹೇಳಿದಿರಲ್ಲ ಎನ್ನುತ್ತಾಳೆ. ನನ್ನನ್ನು ಆಟ ಆಡಿಸುತ್ತಿದ್ದಾಳೋ ಹೇಗೆ?"

ಅನ್ವಿತಾ ಹಾಳೆಯನ್ನು ನೋಡಿದಳು. ಅವಳಿಗೆ ಮಲಯಾಳಂ ಬಾರದು. ಪಂಕಜಾ ಇಷ್ಟು ವರ್ಷ ಕೊಚ್ಚಿಯಲ್ಲಿ ಮೀನಿನವಳ ಜೊತೆ ಜಗಳವಾಡುವಷ್ಟು ಮಾತು ಕಲಿತಿದ್ದರೂ ಓದಬಲ್ಲದ್ದು ಬಸ್ಸಿನ ಬೋರ್ಡು ಮಾತ್ರ.

"ಟೀಚರ್, ನಮಗೆ ಓದೋಕೆ ಬರಲ್ಲ," ಎಂದಳು ಪಂಕಜಾ ತನ್ನ ಸಂತೆಯ ಮಲಯಾಳಂನಲ್ಲಿ. "ನೀವೇ ಸ್ವಲ್ಪ ಗಟ್ಟಿಯಾಗಿ ಓದ್ತೀರಾ?"

ಟೀಚರ್ ಕನ್ನಡಕ ಸರಿಮಾಡಿಕೊಂಡು, ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹೊಳೆ ದಾಟುವವರ ಹಾಗೆ, ಒಂದೊಂದೇ ಪದವನ್ನು ಮೆಟ್ಟುತ್ತ ಓದಿದರು.

"ಪುಟ್ಟತಾಯಿ... ದೋಣಿಯಿಂದ... ಇಳಿಯಲಿಲ್ಲ."

ಪಂಕಜಾಳ ಕೈ ಕುರ್ಚಿಯ ತೋಳನ್ನು ಹಿಡಿದುಕೊಂಡಿತು.

ಅದು ಅವಳದೇ ವಾಕ್ಯ. ಮಗು ಮಲಯಾಳಂಗೆ ತಿರುಗಿಸಿರಲಿಲ್ಲ. ಕೇಳಿದ ಕನ್ನಡವನ್ನು ಕೇಳಿದ ಹಾಗೇ, ತನಗೆ ಗೊತ್ತಿದ್ದ ಅಕ್ಷರಗಳಲ್ಲಿ ಇಳಿಸಿಬಿಟ್ಟಿತ್ತು. ಒಂದು ಪದವೂ ಬಿಟ್ಟುಹೋಗಿರಲಿಲ್ಲ. ತಾನು ಊಟದ ಮೇಜಿನ ಮೇಲೆ, ಕುಕ್ಕರಿನ ಸದ್ದುಗಳ ನಡುವೆ, ಹೊಡೆದು ಹಾಕಿ ತಿದ್ದಿ ಬರೆದ ಮಾತುಗಳು ತನ್ನ ಭಾಷೆಯೇ ತಿಳಿಯದ ಒಬ್ಬ ಹೆಂಗಸಿನ ಬಾಯಿಂದ, ಏರಿಳಿಯುವ ಮಲಯಾಳಂ ರಾಗದಲ್ಲಿ, ಒಂದೊಂದಾಗಿ ಹೊರಗೆ ಬರುತ್ತಿದ್ದವು. ಟೀಚರಿಗೆ ತಾನು ಏನು ಹೇಳುತ್ತಿದ್ದೇನೆಂದು ಗೊತ್ತಿಲ್ಲ. ಆದರೂ ದೋಣಿ ಹೊರಟಿತು. ನೀರು ಕಂಡಿತು. ಮೂಲೆಯ ಬೆಂಚಿನ ಮೇಲೆ ಪುಟ್ಟತಾಯಿ ಕೂತಿದ್ದಳು.

ಪಂಕಜಾ ಅಭ್ಯಾಸಬಲದಿಂದ ಕೇಳುವವರ ಮುಖದ ಕಡೆ ತಿರುಗಿದಳು. ಅಲ್ಲಿ ಇದ್ದವಳು ಅನ್ವಿತಾ ಒಬ್ಬಳೇ.

ಇನ್‌ಸ್ಪೆಕ್ಟರಿಗೆ ಹೆದರಿ ದೋಣಿಗೆ ಬಣ್ಣ ಬಳಿಯುವ ಕಡೆ ಅನ್ವಿತಾ ಫಕ್ಕನೆ ನಕ್ಕಳು. ಟೀಚರ್ ಬೆಚ್ಚಿ ನಿಲ್ಲಿಸಿದರು.

"ಏನಾಯ್ತು? ತಪ್ಪು ಓದಿದೆನಾ?"

"ಇಲ್ಲ ಟೀಚರ್. ಪ್ಲೀಸ್, ನಿಲ್ಲಿಸಬೇಡಿ," ಎಂದಳು ಅನ್ವಿತಾ ಇಂಗ್ಲಿಷಿನಲ್ಲಿ.

ಟೀಚರ್ ಮತ್ತೆ ಓದಿದರು. ಜೆಟ್ಟಿ ಹತ್ತಿರವಾದಾಗಲೆಲ್ಲ ಪುಟ್ಟತಾಯಿ ತುಟಿಯೊಳಗೇ ಊರಿನ ಹೆಸರನ್ನು ಉರುಹಚ್ಚಿಕೊಳ್ಳುವುದು, ದೋಣಿ ದಡಕ್ಕೆ ತಾಗುತ್ತಲೇ ನಾಲಿಗೆ ಒಣಗಿಹೋಗುವುದು, ಜನ ಇಳಿದು ಜನ ಹತ್ತುವುದು, ಅವಳು ಕೂತೇ ಇರುವುದು. ಅನ್ವಿತಾ ಈಗ ನಗುತ್ತಿರಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ, ಕೊರಳಿ‌ನ ಆಫೀಸಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಇದೇ ಕಥೆಯನ್ನು ಅವಳೇ ಓದಿದ್ದಾಗ ಅವಳಿಗೆ ಇದು ಕೇಳಿಸಿರಲಿಲ್ಲ.

"ಎಲ್ಲರೂ... ಪುಟ್ಟತಾಯಿಯ... ಕಡೆ... ನೋಡಿದರು." ಟೀಚರ್ ಹಾಳೆ ಕೆಳಗಿಟ್ಟರು. "ಇಷ್ಟೇ ಇರುವುದು. ಈಗ ಇದರ ಅರ್ಥ ಹೇಳಿ."

ಬರೆದವಳು ಬಾಯಿ ತೆರೆಯಬಾರದು. ಆದರೆ ಇಲ್ಲಿ ಬೇರೆ ದಾರಿ ಇರಲಿಲ್ಲ. ಪಂಕಜಾ ತನಗೆ ಬಂದ ಮಲಯಾಳಂನಲ್ಲಿ ಕಥೆಯನ್ನೆಲ್ಲ ಹೇಳಿದಳು. ಟೀಚರ್ ಗಲ್ಲಕ್ಕೆ ಕೈಯಿಟ್ಟು ಕೇಳಿದರು. ಅವರ ಗಂಭೀರ ಮುಖ ನಿಧಾನವಾಗಿ ಸಡಿಲವಾಯಿತು. ನಡುನೀರಿನಲ್ಲಿ ದೋಣಿ ನಿಂತಿತು ಎಂದು ಪಂಕಜಾ ಮಾತು ನಿಲ್ಲಿಸಿದಾಗ ಅವರು ಮಗುವಿನ ಹಾಗೆ ಮುಂದಕ್ಕೆ ಬಾಗಿದರು.

"ಎನ್ನಿಟ್ಟ್?"

ಅಲ್ಲಿಗೇ ನಿಂತಿದೆ ಎಂದು ಪಂಕಜಾ ಹಾಳೆಯ ಕೊನೆಯ ಸಾಲನ್ನು ತೋರಿಸಿದಳು.

"ಇದಕ್ಕೆ ನಾನು ಮಾರ್ಕು ಕೊಡಲಾರೆ," ಎಂದರು ಟೀಚರ್ ಹಾಳೆಗಳನ್ನು ಜೋಡಿಸಿ ವಾಪಸ್ ಕೊಡುತ್ತ. "ಮಲಯಾಳಂನಲ್ಲಿ ಮತ್ತೆ ಬರೆದುಕೊಂಡು ಬರಲಿ. ಆದರೆ ಕೊನೆ ಇರಬೇಕು. ಕೊನೆಯಿಲ್ಲದ ಕಥೆ ತೆಗೆದುಕೊಳ್ಳುವುದಿಲ್ಲ."

ಆಟೋದಲ್ಲಿ ಅರ್ಧ ದಾರಿ ಕಳೆದ ಮೇಲೆ ಅನ್ವಿತಾ ಬಾಯಿ ಬಿಟ್ಟಳು.

"ನನಗೂ ಹಾಗೇ ಆಯ್ತು ಅತ್ತೆ. ಇಲ್ಲಿಗೆ ಬಂದ ಹೊಸದ್ರಲ್ಲಿ. ಕ್ಯಾಬು ನಮ್ಮ ಬಿಲ್ಡಿಂಗ್ ದಾಟಿ ಹೋಯ್ತು. ಡ್ರೈವರಿಗೆ ಹೇಳೋಕೆ ಬಾಯೇ ಬರಲಿಲ್ಲ. ಎಲ್ಲೋ ಇಳಿದು ನಡ್ಕೊಂಡು ಬಂದೆ. ಮನೇಲಿ ಟ್ರಾಫಿಕ್ ಅಂದೆ."

"ಆವತ್ತು ಚಪ್ಪಲಿ ಕಿತ್ತುಹೋಗಿತ್ತಲ್ಲ, ಆ ದಿನಾನಾ?"

"ಅದೇ ದಿನ."

ಪಂಕಜಾ ಸೊಸೆಯ ಕಡೆ ನೋಡಿದಳು. ಹತ್ತು ಜನರಿಗೆ ಕೆಲಸ ಹೇಳುವ ಮ್ಯಾನೇಜರ್.

"ಬರೆದು ಮುಗಿಸಿ ಅತ್ತೆ," ಎಂದಳು ಅನ್ವಿತಾ. "ಇಂಚೂ ಮಾರ್ಕಿಗೆ ಅಂತ ಅಲ್ಲ. ಅವಳು ನಡುನೀರಲ್ಲಿ ಕೂತಿದಾಳಲ್ಲ, ನಂಗೆ ಆಗ್ತಿಲ್ಲ."

ಆ ವಾರ ಪಲ್ಯ ಎರಡು ಸಲ ಸೀದುಹೋಯಿತು. ಸೀದ ವಾಸನೆ ಬಂದಾಗ ಉಲ್ಲಾಸ್ ಮೀಟಿಂಗಿನ ನಡುವೆಯೇ ಎದ್ದು ಬಂದು ಒಲೆ ಆರಿಸಿದ, ತಾಯಿಯನ್ನು ಕರೆಯದೆ ವಾಪಸ್ ಹೋದ. ಪುಟ್ಟತಾಯಿ ಏನು ಮಾಡಬೇಕೆಂದು ಪಂಕಜಾಳಿಗೆ ಈಗ ಗೊತ್ತಿತ್ತು. ಟೀಚರ್ ಒಂದು ಪದವೂ ತಿಳಿಯದೆ ಓದಿದ್ದರು, ಕೇಳಿದವರು ನಕ್ಕಿದ್ದರು. ಹಾಗಿದ್ದ ಮೇಲೆ ಪುಟ್ಟತಾಯಿಗೆ ಯಾವ ಭಾಷೆ ಬಾರದಿದ್ದರೇನು? ಹಾಳೆಯ ಮೇಲೆ ಪುಟ್ಟತಾಯಿ ಎದ್ದು ನಿಂತಳು. ಸೆರಗು ಸಿಕ್ಕಿಸಿಕೊಂಡಳು. ತನ್ನೂರಿನ ಕನ್ನಡದಲ್ಲೇ, ಹಟ್ಟಿಯಲ್ಲಿ ದನ ಹೊಡೆಯುವ ದನಿಯಲ್ಲಿ, "ಎಲ್ಲ ಕೂತ್ಕೊಳ್ರಪ್ಪ, ಹೆದರಬ್ಯಾಡಿ" ಎಂದಳು. ದೋಣಿ ತುಂಬ ಜನ ಕೂತರು.

ಗಂಡನ ವಿಷಯವನ್ನೂ ತಿದ್ದಿದಳು. ಟಿಕೆಟ್ ತರಲು ಹೋಗಿದ್ದ ಎಂದು ಬರೆದದ್ದನ್ನು ಚಿಕ್ಕಣ್ಣನಿಗೆ ತೋರಿಸಿದಳು.

"ಈಗ ಸರಿ," ಎಂದ ಅವನು. "ಇನ್ನು ಯಾರ ಮುಂದೆ ಬೇಕಾದ್ರೂ ಓದಿಸು."

ಓದಿಸುವ ಏರ್ಪಾಡು ಮಾಡಿದವಳು ಅನ್ವಿತಾ. ಅತ್ತೆಯನ್ನು ಕೇಳದೆಯೇ ಆಫೀಸಿನ ಕನ್ನಡದವರ ಗುಂಪಿಗೆ ಸಂದೇಶ ಹಾಕಿದ್ದಳು. ಶನಿವಾರ ಸಂಜೆ ನಮ್ಮ ಮನೆಗೆ ಬನ್ನಿ, ಏನಾದರೂ ಒಂದು ಹಾಳೆ ಬರೆದು ತನ್ನಿ, ಯಾವ ಅಕ್ಷರದಲ್ಲಿದ್ದರೂ ಪರವಾಗಿಲ್ಲ, ಕನ್ನಡದಲ್ಲಿದ್ದರೆ ಸಾಕು.

"ಯಾರು ಬರ್ತಾರಮ್ಮ," ಎಂದು ಪಂಕಜಾ ಶುಕ್ರವಾರವೆಲ್ಲ ಚಡಪಡಿಸಿದಳು. "ಬಂದವರಿಗೆ ಹಿಡಿಸದಿದ್ರೆ? ನಾಳೆ ನೀನು ಅವರ ಮುಖ ನೋಡಬೇಕಲ್ಲ."

"ಬಂದವರಿಗೆ ಉಪ್ಪಿಟ್ಟು ಉಂಟಲ್ಲ," ಎಂದ ಚಿಕ್ಕಣ್ಣ. "ನಾನು ಮಾಡ್ತೀನಿ. ರವೆ ಹುರಿದ್ರೆ ಗಂಟು ಕಟ್ಟಲ್ಲ."

"ಉಂಟಂತೆ. ಇಬ್ರಾಹಿಮಣ್ಣನ ಭಾಷೆ ಯಾವಾಗ ಕಲಿತ್ರಿ?"

"ನೀನು ಮನೇಲಿ ಆಡ್ತೀಯಲ್ಲ, ಅದ್ರಿಂದ."

ಬಂದರು. ಧಾರವಾಡದ ನಿಹಾರಿಕಾ, ಕೊಡಗಿನ ಬೋಪಯ್ಯ, ಪಕ್ಕದ ಹಾಸ್ಟೆಲಿನಿಂದ ಇನ್ನೂ ಕೆಲವರು. ಬಾಗಿಲ ಹೊರಗೆ ಚಪ್ಪಲಿಗಳು ಹೆಚ್ಚಾದಾಗ ಪಂಕಜಾ ಅವುಗಳನ್ನೇ ನೋಡುತ್ತ ನಿಂತಳು. ಕೊನೆಗೆ ಲಿಸ್ಸಿ ಟೀಚರ್ ಕೂಡ ಕೊಡೆ ಮಡಚುತ್ತ ಬಂದರು. ಒಂದು ಮಾತೂ ಅರ್ಥವಾಗದಿದ್ದರೂ ಎಲ್ಲಿ ನಗುತ್ತಾರೆಂದು ನೋಡಬೇಕು ಎಂದರು. ಗುಂಡಿಯ ಡಬ್ಬದೊಳಗೆ ಹಾಳೆಗಳು ಬಿದ್ದವು.

ಪುಟ್ಟತಾಯಿಯ ಕಥೆಯನ್ನು ಓದಿದವಳು ಇಂಚರಾ. ಆ ಅಕ್ಷರಗಳನ್ನು ಬರೆದವಳು ಅವಳೇ. ಕೊನೆಯನ್ನೂ ಅಜ್ಜಿಯಿಂದ ಹೇಳಿಸಿಕೊಂಡು ಬರೆದು ಮುಗಿಸಿದ್ದಳು. ಪಕ್ಕದಲ್ಲಿ ಕೂತಿದ್ದ ಬೋಪಯ್ಯ ಹಾಳೆಯನ್ನು ಇಣುಕಿ ನೋಡಿದ, ಮಲಯಾಳಂ ಕಂಡು ಹುಬ್ಬೇರಿಸಿದ. ಇಂಚರಾ ಓದಲು ಶುರುಮಾಡಿದ ಮೇಲೆ ಅವನ ಹುಬ್ಬು ಇಳಿಯಲೇ ಇಲ್ಲ. ಎಂದೂ ಕನ್ನಡ ಆಡದ ಹುಡುಗಿಯ ಬಾಯಿಂದ ವಾಕ್ಯದ ಮೇಲೆ ವಾಕ್ಯ, ತಡೆಯಿಲ್ಲದೆ ಬಂತು. ಉಲ್ಲಾಸ್ ಅಡುಗೆಮನೆಯ ಬಾಗಿಲಲ್ಲಿ ಟೀ ತಟ್ಟೆ ಹಿಡಿದು ನಿಂತವನು ಹಾಗೇ ನಿಂತುಬಿಟ್ಟ. ಜನ ನಕ್ಕ ಕಡೆ ಲಿಸ್ಸಿ ಟೀಚರೂ ನಕ್ಕರು, ಒಂದು ಕ್ಷಣ ತಡವಾಗಿ. ದೋಣಿ ನಿಂತಿತು. ಪುಟ್ಟತಾಯಿ ಎದ್ದಳು. "ಎಲ್ಲ ಕೂತ್ಕೊಳ್ರಪ್ಪ" ಎಂದು ಇಂಚರಾ ದನಿಯೇರಿಸಿದಾಗ, ಬಾಗಿಲ ಹತ್ತಿರ ನಿಂತಿದ್ದ ಚಿಕ್ಕಣ್ಣ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತ.

ಓದಿ ಮುಗಿಸಿ ಇಂಚರಾ ಹಾಳೆಗಳನ್ನು ಕೆಳಗಿಟ್ಟಳು.

"ಆಂಟಿ," ಎಂದ ಬೋಪಯ್ಯ, "ಆಮೇಲೆ ಅವಳು ಯಾವ ಜೆಟ್ಟಿಯಲ್ಲಿ ಇಳಿದ್ಲು?"

ಪಂಕಜಾ ಹೇಳಲು ಬಾಯಿ ತೆರೆದಳು.

ಇಂಚರಾ ಇಬ್ರಾಹಿಮರ ಹಾಗೆಯೇ ಅಂಗೈ ಎತ್ತಿ ತಡೆದಳು. ಕೈಯಲ್ಲಿ ಹಾಳೆ ಇರಲಿಲ್ಲ.

"ಬರೆದವರು ಬಾಯಿ ತೆರೀಲಿಕ್ಕಿಲ್ಲ, ಮಾರಾಯ್ರೇ."

ಮಗ, ಸೊಸೆ, ಗಂಡ ಮೂವರೂ ಇಂಚರಾಳ ಕಡೆ ತಿರುಗಿದರು. ಲೇಸಿನ ಕಟ್ಟಿನ ಮೇಲೆ ಕೂತು ಪಳಂಪೊರಿ ತಿನ್ನುತ್ತಿದ್ದ ಹುಡುಗಿ ಇದನ್ನು ಇಷ್ಟು ದಿನ ಎಲ್ಲಿ ಇಟ್ಟುಕೊಂಡಿದ್ದಳೋ. ಪಂಕಜಾ ಬಾಯಿ ಮುಚ್ಚಿದಳು. ಕಣ್ಣು ತುಂಬಿ ಬಂದದ್ದನ್ನು ಏನೂ ಮಾಡಲಾಗಲಿಲ್ಲ.

ಇಂಚರಾ ಡಬ್ಬವನ್ನು ಅಜ್ಜಿಯ ಮುಂದೆ ಹಿಡಿದು ಅಲುಗಾಡಿಸಿದಳು. ಇನ್ನು ಅಜ್ಜಿಯ ಸರದಿ. ಪಂಕಜಾ ಕೈ ಹಾಕಿ ಒಂದು ಹಾಳೆ ತೆಗೆದಳು. ಕನ್ನಡ ಅಕ್ಷರ, ಬಹಳ ದಿನಗಳಿಂದ ಬರೆಯದವರ ಕೈ. ಒತ್ತಕ್ಷರಗಳನ್ನು ಒಂದು ಕಡೆ ಹೊಡೆದು ಹಾಕಿ ಮತ್ತೆ ಬರೆದಿತ್ತು. ಎದುರಿಗೆ ಅನ್ವಿತಾ, ಬೆರಳಿಗೆ ಸುತ್ತಲು ಕೊರಳ ಪಟ್ಟಿಯಿಲ್ಲದೆ, ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ, ನೆಲ ನೋಡುತ್ತ ಕೂತಿದ್ದಳು. ಬಾಯಿ ಬಿಗಿಯಾಗಿ ಮುಚ್ಚಿಕೊಂಡಿದ್ದಳು.

ಪಂಕಜಾ ಕನ್ನಡಕ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಇನ್ನೊಬ್ಬರ ಮಾತನ್ನು ಎಷ್ಟು ಜೋಪಾನವಾಗಿ ಓದಬೇಕೋ ಅಷ್ಟು ಜೋಪಾನವಾಗಿ ಓದಿದಳು.

"ಕ್ಯಾಬು ನಮ್ಮ ಮನೆ ದಾಟಿ ಹೋಯಿತು. ನಾನು ಏನೂ ಹೇಳಲಿಲ್ಲ."